ಟೆಕ್ಸಾಸಿನಲ್ಲಿ ಕಾಲು ತಾಗಿದ್ದು

ಅಂಕೋಲೆ, ಹೊರಡುವ ಮೊದಲು

ನಮ್ಮ ಬೀರಣ್ಣ ಭಾವ ಅಮೆರಿಕಕ್ಕೆ ಹೊರಟಾಗ ಅವರ ಬಂದೂಕು ಪೊಲೀಸ್ ಠಾಣೆಯಲ್ಲಿತ್ತು. ೨೦೦೮ರ ವಿಧಾನಸಭೆ ಚುನಾವಣೆ ಎದುರಿಗಿತ್ತು. ಚುನಾವಣೆ ಬಂತೆಂದರೆ ತಾಲೂಕಿನ ಲೈಸೆನ್ಸ್‌ದಾರರೆಲ್ಲ ತಮ್ಮ ತಮ್ಮ ಬಂದೂಕು ತಂದು ಠಾಣೆಗೆ ಒಪ್ಪಿಸಬೇಕು. ಭಾವನ ಶೇಂಗಾ ಗದ್ದೆ ಇರುವುದು ಬೇಲೆಕೇರಿಯಿಂದ ಒಳಗೆ, ಗುಡ್ಡದ ಬುಡದಲ್ಲಿ. ಹಂದಿ ಕಾಟಕ್ಕೆಂದು ಅವರ ಅಪ್ಪನ ಕಾಲದಲ್ಲಿ ಸಿಕ್ಕ ಲೈಸೆನ್ಸು ಅದು, ಬೆಳೆ ರಕ್ಷಣೆಗೆ ಮಾತ್ರ. ಬಂದೂಕನ್ನು ಹಳೇ ಪಂಚೆಯಲ್ಲಿ ಸುತ್ತಿ, ಮಗುವನ್ನು ಡಾಕ್ಟರ ಹತ್ತಿರ ಒಯ್ಯುವವರ ಹಾಗೆ ಎರಡೂ ಕೈಯಲ್ಲಿ ಹಿಡಿದು ಬಸ್ಸಿನಲ್ಲಿ ತಂದಿದ್ದರು. ನಾನು ಕಾರವಾರದಿಂದ ಅವರ ಪಾಸ್‌ಪೋರ್ಟ್ ಹಿಡಿದು ಬಂದು ಠಾಣೆಯಲ್ಲೇ ಅವರನ್ನು ಸೇರಿಕೊಂಡೆ.

ಬೀರಣ್ಣ ಭಾವ ನನ್ನ ಅಕ್ಕನ ಗಂಡ. ಅಕ್ಕ ತೀರಿಕೊಂಡು ಕೆಲವು ವರ್ಷಗಳಾಗಿವೆ. ಅವರ ಒಬ್ಬಳೇ ಮಗಳು ರಶ್ಮಿ ಟೆಕ್ಸಾಸಿನ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ನರ್ಸು. ಅವಳಿಗೆ ಚೊಚ್ಚಲ ಹೆರಿಗೆ. "ಚಿಕ್ಕಿ, ಅಮ್ಮ ಇಲ್ಲ, ನೀನಾದ್ರೂ ಬಾ. ಅಪ್ಪನ್ನೂ ಕರ್ಕೊಂಡ್ ಬಾ" ಎಂದು ಫೋನಿನಲ್ಲಿ ಅತ್ತಳು. ನಾನು ಬಿ.ಎ. ಮುಗಿಸಿ ಕಾರವಾರದ ಕಚೇರಿಯೊಂದರಲ್ಲಿ ಕೆಲಸಕ್ಕಿರುವವಳು, ಶಿರವಾಡದಲ್ಲಿ ಒಬ್ಬಳೇ ಇರುವವಳು. ರಜೆ ಹಾಕಿದೆ.

ಠಾಣೆಯ ಪೇದೆಗೆ ಭಾವನ ಪರಿಚಯ ಹಳೆಯದು.

"ಏನ್ ಬೀರಣ್ಣ, ಅಮೆರಿಕಕ್ಕೆ ಹೊಂಟ್ಯಂತೆ? ಅಲ್ಲಿ ಬಂದೂಕು ಬಟಾಟೆ ಹಾಂಗೆ ಅಂಗಡೀಲಿ ಸಿಗ್ತದಂತೆ. ಬರೂವಾಗ ಒಂದ್ ತಾ ಮಾರಾಯ."

"ಇರೋ ಒಂದನ್ನೇ ನೀವು ಇಲ್ಲಿ ಜಂಗು ಹಿಡಿಸ್ತ್ರಿ," ಎಂದರು ಭಾವ. "ಇನ್ನೊಂದ್ ತಂದ್ರೆ ಎಣ್ಣೆ ಯಾರು ಹಾಕ್ತಾರೆ? ನಿನ್ನ ಅಪ್ಪನ?"

ಬೆಂಚಿನ ಮೇಲಿದ್ದ ರೈತರೆಲ್ಲ ನಕ್ಕರು. ಭಾವ ಏಳುವಾಗ ಪಕ್ಕದವನು ಒರಗಿಸಿಟ್ಟಿದ್ದ ಬಂದೂಕಿಗೆ ಅವರ ಕಾಲು ತಾಗಿತು. ಬಗ್ಗಿ ಅದನ್ನು ಮುಟ್ಟಿ, ಬೆರಳುಗಳನ್ನು ಕಣ್ಣಿಗೆ ಒತ್ತಿಕೊಂಡರು. ಬಂದೂಕಿನವನೂ ನೋಡಲಿಲ್ಲ, ಪೇದೆಯೂ ನೋಡಲಿಲ್ಲ. ಕಾಲು ತಾಗಿದರೆ ನಮ್ಮಲ್ಲಿ ಎಲ್ಲರೂ ಮಾಡುವುದೇ ಅದು. ಪುಸ್ತಕವಿರಲಿ, ಮೊರವಿರಲಿ, ಮನುಷ್ಯರಿರಲಿ. ನಾನೂ ಆಗ ಅದನ್ನು ಗಮನಿಸಿದ್ದೆ ಎಂದು ಹೇಳಲಾರೆ. ಈಗ ದಿನಾ ಅದೇ ಕಣ್ಣ ಮುಂದೆ ಬರುತ್ತದೆ.

ಟೆಕ್ಸಾಸ್, ಬಾಗಿಲುಗಳು

ಆ ಊರಿನಲ್ಲಿ ನಡೆಯುವವರೇ ಇಲ್ಲ. ಹಾಲು ತರಲಿಕ್ಕೂ ಕಾರು. ಹಾಗಾಗಿ ನಾವು ಆ ಊರನ್ನು ಕಂಡದ್ದು ಬಾಗಿಲುಗಳಿಂದ. ಕಾರಿನಿಂದ ಇಳಿದರೆ ಒಂದು ಬಾಗಿಲು, ಅದರ ಮೇಲೆ ಒಂದು ಬೋರ್ಡು.

ರಶ್ಮಿ ಕೆಲಸ ಮಾಡುವ ಆಸ್ಪತ್ರೆಯ ಬಾಗಿಲಲ್ಲಿ ಇಂಗ್ಲಿಷಿನಲ್ಲೂ ಸ್ಪ್ಯಾನಿಷಿನಲ್ಲೂ ದಪ್ಪಕ್ಷರದ ದೊಡ್ಡ ಬೋರ್ಡಿತ್ತು. ಔಷಧಿಯ ವಿಷಯ ಇರಬಹುದೆಂದು ಓದಲು ನಿಂತೆ. ಬಚ್ಚಿಟ್ಟ ಕೈಬಂದೂಕಿನೊಡನೆ ಲೈಸೆನ್ಸ್ ಉಳ್ಳವರೂ ಒಳಗೆ ಬರಕೂಡದು ಎಂದು ಅದರಲ್ಲಿ ಬರೆದಿತ್ತು. ನಮ್ಮಲ್ಲಿ ಆಸ್ಪತ್ರೆಯ ಗೋಡೆಗೆ ಎಲೆಯಡಿಕೆ ಉಗುಳಬಾರದು ಎಂದು ಬರೆದಿರುತ್ತಾರೆ. ಜನ ಏನು ಮಾಡುತ್ತಾರೋ ಅದನ್ನೇ ತಾನೇ ಬೇಡ ಎನ್ನಬೇಕಾಗುವುದು.

"ಎಂತದೇ ಬರೆದದ್ದು?" ಎಂದು ಕೇಳಿದರು ಭಾವ. ಹೇಳಿದೆ.

"ಹಾಂಗಾದ್ರೆ ಬೋರ್ಡ್ ಇಲ್ದಿದ್ದಲ್ಲಿ?"

ಅಳಿಯ ಪ್ರಕಾಶ ಕಾರಿನ ಬೀಗ ತಿರುಗಿಸುತ್ತಾ, "ಬೋರ್ಡ್ ಇಲ್ದಿದ್ದಲ್ಲಿ ಯಾರ ಹತ್ರ ಉಂಟು, ಯಾರ ಹತ್ರ ಇಲ್ಲ, ದೇವರಿಗೇ ಗೊತ್ತು ಮಾವ" ಎಂದ. ಅವನೂ ನಮ್ಮ ಕಡೆಯವನೇ, ಅವರ್ಸಾದವನು. ಆ ಊರಿಗೆ ಬಂದು ಬಹಳ ಕಾಲವಾಗಿದೆ. ಅದನ್ನು ಮಳೆ ಬರುವ ವಿಷಯ ಹೇಳಿದ ಹಾಗೆ ಹೇಳಿದ.

ಭಾವನಿಗೆ ಇದು ಆಟವಾಯಿತು. ಪ್ರತಿ ಬಾಗಿಲಲ್ಲೂ ನನ್ನನ್ನು ನಿಲ್ಲಿಸಿ ಓದಿಸುವುದು. ಹೋಟೆಲೊಂದರ ಗೋಡೆಯಲ್ಲಿ ಕೆಂಪಕ್ಷರದಲ್ಲಿ ೫೧ ಎಂದಿತ್ತು. ಆ ಅಂಗಡಿಯ ಅರ್ಧಕ್ಕಿಂತ ಹೆಚ್ಚು ಗಳಿಕೆ ಹೆಂಡದಿಂದ ಬರುತ್ತದೆ, ಆದ್ದರಿಂದ ಒಳಗೆ ಬಂದೂಕು ತರಬಾರದು ಎಂದು ಅದರ ಅರ್ಥವಂತೆ.

"ಅರ್ಧಕ್ಕಿಂತ ಕಮ್ಮಿ ಕುಡ್ಸಿದ್ರೆ ತರಬಹುದನ?"

"ಹಾಂಗೇ ಕಾಣ್ತದೆ ಭಾವ."

"ಯಾರು ಮಾಡಿದ ಕಾನೂನೇ ಇದು! ಅಂವ ಎಷ್ಟು ಕುಡಿದಿದ್ದ?"

ಹೋಟೆಲಿನವರು ತಿರುಗಿ ನೋಡುವಷ್ಟು ನಕ್ಕೆವು. ಆ ದಿನಗಳಲ್ಲಿ ನಾವು ತುಂಬ ನಗುತ್ತಿದ್ದೆವು.

ಬೇಲಿಯ ಬದಿ

ಪಕ್ಕದ ಮನೆಯ ಡೇಲ್ ಲಾರಿ ಓಡಿಸಿ ನಿವೃತ್ತನಾದವನು. ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ನಗು. ನಾವು ಬಂದದ್ದೇ ಬುಟ್ಟಿ ತುಂಬ ಪೀಚ್ ಹಣ್ಣು ತಂದುಕೊಟ್ಟ. ಭಾವನೂ ಬಂದೂಕು ಇರುವವರೆಂದು ಪ್ರಕಾಶ ಹೇಳಿದ ಮೇಲಂತೂ ಡೇಲನಿಗೆ ನೆಂಟನೇ ಸಿಕ್ಕ ಹಾಗಾಯಿತು. ಸಂಜೆ ಬೇಲಿಯ ಆಚೆ ಈಚೆ ಕುರ್ಚಿ ಹಾಕಿಕೊಂಡು ಇಬ್ಬರೂ ಕೂರುವರು. ನಡುವೆ ನಾನು ದುಭಾಷಿ.

ಡೇಲ್ ಅಂಗಿ ಎತ್ತಿ ಸೊಂಟದ ಬಂದೂಕು ತೋರಿಸಿದ. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು. ಭಾವ ಕುತ್ತಿಗೆ ಚಾಚಿ ನೋಡಿ, "ಇದ್ರಾಗೆ ಹಂದಿ ಸಾಯೂದಿಲ್ಲ" ಎಂದರು.

ಅನುವಾದಿಸಿದೆ. ಡೇಲ್ ತೊಡೆ ತಟ್ಟಿ ನಕ್ಕ. "ಹಂದಿಗೆ ಅಲ್ಲ ಅಂತ ಹೇಳು. ಮನುಷ್ಯರಿಗೆ."

ಭಾವನಿಗೆ ಅದು ಅರ್ಥವಾಗಲಿಲ್ಲ. "ಯಾವ ಮನುಷ್ಯರಿಗೆ?"

"ಗೊತ್ತಿಲ್ಲ. ಅದಕ್ಕೇ ಇಟ್ಟುಕೊಂಡದ್ದು."

ಡೇಲ್ ಕಾನೂನು ವಿವರಿಸಿದ. ಅದರಲ್ಲಿ ಅವನಿಗೆ ಹೆಮ್ಮೆಯಿತ್ತು. ಅದಕ್ಕೆಂದೇ ತರಗತಿಗೆ ಹೋಗಿ, ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆದಿದ್ದ. ಮನೆಯಲ್ಲಿ, ತನ್ನ ಕಾರಿನಲ್ಲಿ ಇಟ್ಟುಕೊಳ್ಳಲು ಲೈಸೆನ್ಸೂ ಬೇಡ. ಹೊರಗೆ ಒಯ್ಯುವುದಾದರೆ ಲೈಸೆನ್ಸ್ ಬೇಕು, ಬಂದೂಕು ಯಾರಿಗೂ ಕಾಣಬಾರದು. ಶಾಲೆಗೆ ಒಯ್ಯುವಂತಿಲ್ಲ, ಕೋರ್ಟಿಗೆ ಒಯ್ಯುವಂತಿಲ್ಲ, ಮತಗಟ್ಟೆಗೆ ಒಯ್ಯುವಂತಿಲ್ಲ. ಮತಗಟ್ಟೆ ಎಂದಾಗ ಭಾವ ತಲೆಯಾಡಿಸಿದರು. ಅಷ್ಟಾದರೂ ನಮ್ಮ ಹಾಗೇ ಇದೆಯಲ್ಲ ಎಂಬ ಸಮಾಧಾನ. ಆಮೇಲೆ ಡೇಲ್ ಹಿಂದಿನ ವರ್ಷ ಬಂದ ಹೊಸ ಕಾನೂನಿನ ಮಾತೆತ್ತಿದ. ಇರಲು ನಿನಗೆ ಹಕ್ಕಿರುವ ಜಾಗದಲ್ಲಿ, ನೀನಾಗಿ ಜಗಳ ತೆಗೆಯದಿದ್ದರೆ, ಯಾರಾದರೂ ಮೈಮೇಲೆ ಬಂದಾಗ ಒಂದು ಹೆಜ್ಜೆಯೂ ಹಿಂದೆ ಸರಿಯಬೇಕಾಗಿಲ್ಲ. ಜೀವಕ್ಕೆ ಅಪಾಯವಿದೆ ಎಂದು ನಿನಗೆ ಅನ್ನಿಸಬೇಕು. ನಿನ್ನ ಜಾಗದಲ್ಲಿ ನಿಂತ ಯಾವ ವಿವೇಕಿಗೂ ಹಾಗೆ ಅನ್ನಿಸುವಂತಿರಬೇಕು. ಅಷ್ಟೇ.

ಭಾವ ಕುರ್ಚಿಯನ್ನು ಬೇಲಿಯ ಹತ್ತಿರಕ್ಕೆ ಎಳೆದುಕೊಂಡರು. "ಹಂದಿ ಎದುರು ಬಂದ್ರೂ ನಾವು ಮೊದಲು ಬದಿಗೆ ಸರೀತೇವೆ ಅಂತ ಹೇಳೇ ಇವನಿಗೆ. ಅದು ತನ್ನ ದಾರೀಲಿ ಹೋಗ್ತಾ ಇರ್ತದೆ, ನಮ್ಮನ್ನ ಕಂಡು ಅದಕ್ಕೂ ಹೆದರಿಕೆ ಆಗಿರ್ತದೆ."

ಹೇಳಿದೆ. ಡೇಲ್ ಭಾವನ ಭುಜ ತಟ್ಟಿ, "ನಿನ್ನ ಭಾವ ಒಳ್ಳೆಯ ಮನುಷ್ಯ" ಎಂದ.

ಪೆಟ್ರೋಲ್ ಬಂಕು

ಈ ಭಾಗವನ್ನು ಹಲವು ಸಲ ಬರೆದು ಹರಿದಿದ್ದೇನೆ. ಬರೆದಾಗೆಲ್ಲ ಗುಂಡು ಹಾರುತ್ತದೆ. ನಿಜದಲ್ಲಿ ಹಾರಲಿಲ್ಲ ಎಂಬುದನ್ನು ನನಗೆ ನಾನೇ ಹೇಳಿಕೊಳ್ಳಬೇಕಾಗುತ್ತದೆ.

ಮಧ್ಯಾಹ್ನ. ಬಿಸಿಲಿಗೆ ರಸ್ತೆಯ ಡಾಂಬರು ವಾಸನೆ ಬರುತ್ತಿತ್ತು. ಪ್ರಕಾಶ ಹೊರಗೆ ಪೆಟ್ರೋಲ್ ತುಂಬಿಸುತ್ತಿದ್ದ. ನಾನೂ ಭಾವನೂ ಹಾಲು ತರಲು ಬಂಕಿನ ಅಂಗಡಿಯೊಳಗೆ ಹೋದೆವು. ಬಾಗಿಲಲ್ಲಿ ಭಾವ ಎಂದಿನಂತೆ ನಿಂತು, "ಓದೇ" ಎಂದರು. ಅಂಗಿ, ಚಪ್ಪಲಿ ಇಲ್ಲದೆ ಬರಬೇಡಿ. ಸಣ್ಣವರಿಗೆ ಸಿಗರೇಟು ಮಾರುವುದಿಲ್ಲ. ನಾಯಿಗಳಿಗೆ ಪ್ರವೇಶವಿಲ್ಲ. ಅಷ್ಟೇ ಇತ್ತು.

ಒಳಗೆ ಕೌಂಟರಿನಲ್ಲಿ ಒಬ್ಬ ಹೆಂಗಸು. ಹಾಲಿನ ಫ್ರಿಜ್ಜಿನ ಹತ್ತಿರ ಮಧ್ಯವಯಸ್ಸಿನ ಒಬ್ಬ ಗಂಡಸು, ಇಸ್ತ್ರಿ ಮಾಡಿದ ಅಂಗಿ, ಅಗಲ ಪ್ಯಾಂಟು. ಭಾವ ಹಾಲಿನ ಡಬ್ಬ ತೆಗೆದು, ಬಾಗಿಲು ಮುಚ್ಚಲು ಹಿಂದೆ ಸರಿದರು. ಅವರ ಹಿಮ್ಮಡಿ ಆ ಮನುಷ್ಯನ ಪಾದವನ್ನು ತುಳಿಯಿತು.

"ಶಿವ ಶಿವ" ಎಂದರು ಭಾವ. ಹಾಲನ್ನು ನೆಲಕ್ಕಿಟ್ಟು ತಿರುಗಿ, ಬಗ್ಗಿ, ಬಲಗೈ ಚಾಚಿ ಅವನ ಕಾಲು ಮುಟ್ಟಿದರು.

ಆ ಕಾಲಿಗೆ ಬಂದೂಕು ಕಟ್ಟಿತ್ತು.

ಅದನ್ನು ಅಲ್ಲಿ ಕಟ್ಟಿಕೊಳ್ಳುತ್ತಾರೆಂದು ನಮಗೆ ಹೇಗೆ ಗೊತ್ತಾಗಬೇಕು? ಡೇಲ್ ಸೊಂಟ ತೋರಿಸಿದ್ದ. ಈತನ ಬಂದೂಕು ಪ್ಯಾಂಟಿನ ಒಳಗೆ, ಪಾದದ ಗಂಟಿನ ಹತ್ತಿರ, ಚರ್ಮದ ಚೀಲದಲ್ಲಿತ್ತು. ಭಾವನ ಬೆರಳು ಬಿದ್ದದ್ದು ಸರಿಯಾಗಿ ಅದರ ಮೇಲೆ. ಆತ ಒಂದೇ ನೆಗೆತಕ್ಕೆ ಹಿಂದೆ ಹೋದ. ಚಿಪ್ಸ್ ಪ್ಯಾಕೆಟುಗಳ ಸ್ಟ್ಯಾಂಡು ಉರುಳಿಬಿತ್ತು. ಒಂದು ಮೊಣಕಾಲೂರಿ, ಪ್ಯಾಂಟು ಮೇಲೆಳೆದು ಬಂದೂಕು ತೆಗೆದ. ಇಬ್ಬರೂ ನೆಲದ ಮಟ್ಟದಲ್ಲಿ ಎದುರುಬದುರು. ದೂರದಿಂದ ನೋಡಿದವರಿಗೆ ಒಬ್ಬರಿಗೊಬ್ಬರು ನಮಸ್ಕಾರ ಮಾಡುತ್ತಿದ್ದಾರೆ ಎನ್ನಿಸಬಹುದಿತ್ತು. ಬಂದೂಕಿನ ಬಾಯಿ ಭಾವನ ಹಣೆಯಿಂದ ಗೇಣು ದೂರದಲ್ಲಿತ್ತು.

ಆತ ಏನೋ ಕಿರುಚಿದ. ಅಲುಗಬೇಡ ಎಂದಿರಬೇಕು. ಭಾವನಿಗೆ ಇಂಗ್ಲಿಷ್ ಬರುವುದಿಲ್ಲ. ನನಗೆ ಬರುತ್ತದೆ, ಡಿಗ್ರಿಯೇ ಇದೆ. ಬಾಯಿಂದ ಹೊರಟದ್ದು ಮಾತ್ರ ಅದೇ ಮಾತು, ನಮ್ಮ ಭಾಷೆಯಲ್ಲಿ: "ಭಾವಾ, ಹಂದಬೇಡಿ, ಹಂದಬೇಡಿ!" ಒಂದೇ ಒಂದು ಇಂಗ್ಲಿಷ್ ಶಬ್ದ ಬರಲಿಲ್ಲ. ಗೊತ್ತಿಲ್ಲದ ಭಾಷೆಯ ಕೂಗಿಗೆ ಆತ ಇನ್ನಷ್ಟು ಬೆಚ್ಚಿದ. ಬಂದೂಕು ನನ್ನ ಕಡೆಗೆ ತಿರುಗಿ ಮತ್ತೆ ಭಾವನ ಕಡೆ ಹೋಯಿತು.

ಭಾವನ ಕೈ ಇನ್ನೂ ಗಾಳಿಯಲ್ಲೇ ಇತ್ತು. ಮುಟ್ಟಿದ್ದಾಗಿದೆ, ಕಣ್ಣಿಗೆ ಒತ್ತಿಕೊಳ್ಳುವುದು ಉಳಿದಿದೆ. ನಾನು ಬೇಡ ಎನ್ನುತ್ತಿದ್ದಂತೆಯೇ ಆ ಕೈ ಮೇಲೆದ್ದಿತು. ಆತನ ಬೆರಳು ಬಿಗಿಯಾದದ್ದನ್ನು ನಾನು ಕಂಡಿದ್ದೇನೆ. ಯಾರು ಏನೇ ಹೇಳಲಿ, ಕಂಡಿದ್ದೇನೆ. ಭಾವ ಎರಡೂ ಅಂಗೈಗಳಿಂದ ಕಣ್ಣು ಮುಚ್ಚಿಕೊಂಡು ಹಾಗೇ ಕುಳಿತುಬಿಟ್ಟರು. ಅರ್ಧ ಶಾಸ್ತ್ರಕ್ಕೆ, ಅರ್ಧ ಹೆದರಿಕೆಗೆ.

ಎರಡೂ ಕೈ ಖಾಲಿ ಇರುವುದು ಆಗ ಆತನಿಗೆ ಕಾಣಿಸಿರಬೇಕು.

"ದೇವರೇ, ಅದು ಮುದುಕಪ್ಪ," ಎಂದಳು ಕೌಂಟರಿನ ಹೆಂಗಸು.

ಅದೇ ಬಂಕು, ಪೊಲೀಸರು ಬಂದ ಮೇಲೆ

ಪೊಲೀಸರು ಬಂದವರೇ ಕೋಳ ಹಾಕಿದ್ದು ಭಾವನಿಗೆ. ಆತ ಬಂದೂಕು ಒಳಗಿಟ್ಟು, ಲೈಸೆನ್ಸ್ ಕೈಯಲ್ಲಿ ಹಿಡಿದು, ಮರ್ಯಾದೆಯಿಂದ ನಿಂತಿದ್ದ. ಭಾವ ಚಿಪ್ಸ್ ಪ್ಯಾಕೆಟುಗಳ ನಡುವೆ ಬೋರಲು ಬಿದ್ದಿದ್ದರು. ಓಡಿಬಂದ ಪ್ರಕಾಶನನ್ನು ಬಾಗಿಲಲ್ಲೇ ತಡೆದರು.

ಬಂದೂಕು ಕಸಿಯಲು ಹೋದ ಎಂದು ಆತ ದೂರು ಹೇಳಿದ್ದ. ಹಾಗೆಂದು ದಾಖಲಾದರೆ ಜೈಲೇ ಗತಿ ಎಂದು ಪ್ರಕಾಶ ಬಾಗಿಲಿನಿಂದ ಕೂಗಿ ಹೇಳಿದ. ರಶ್ಮಿಗೆ ಆ ವಾರವೋ ಮುಂದಿನ ವಾರವೋ ಹೆರಿಗೆ. ಮೊಮ್ಮಗುವನ್ನು ನೋಡಲು ಸಮುದ್ರ ದಾಟಿ ಬಂದ ಮನುಷ್ಯ ಪರದೇಶದ ಜೈಲಿನಲ್ಲಿ ಕೂರುವುದೋ ಬಿಡುವುದೋ ನನ್ನ ಮಾತಿನ ಮೇಲೆ ನಿಂತಿತ್ತು. ಕೌಂಟರಿನ ಹೆಂಗಸು ಮೊದಲಿನದೇನೂ ನೋಡಿರಲಿಲ್ಲ. ನೋಡಿದವಳು ನಾನೊಬ್ಬಳೇ.

ಅಧಿಕಾರಿ ಕೇಳಿದ. ಒರಟನಲ್ಲ. ಮೇಡಮ್ ಎಂದೇ ಮಾತಾಡಿಸಿದ.

"ಈತ ಅವರ ಬಂದೂಕಿಗೆ ಕೈ ಹಾಕಿದನೇ?"

"ಕಾಲಿಗೆ ಕೈ ಹಾಕಿದರು."

"ಬಂದೂಕು ಕಾಲಿನಲ್ಲಿತ್ತು."

"ಇವರಿಗೆ ಅದು ಗೊತ್ತಿರಲಿಲ್ಲ."

"ಇವರಿಗೆ ಗೊತ್ತಿಲ್ಲ ಎಂಬುದು ಅವರಿಗೆ ಗೊತ್ತಿತ್ತೇ?"

ಇಡೀ ಕಾನೂನು ಆ ಒಂದು ಪ್ರಶ್ನೆಯಲ್ಲಿತ್ತು.

"ನಮ್ಮಲ್ಲಿ ಕಾಲು ತಾಗಿದರೆ ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ಕ್ಷಮೆ ಕೇಳುವುದು ಹಾಗೆ," ಎಂದೆ.

"ಸಾರಿ ಎಂದರೆ ಸಾಕಿತ್ತಲ್ಲ?"

"ಅವರಿಗೆ ಅಷ್ಟು ಸಾಕಾಗುವುದಿಲ್ಲ."

ಮಾಡಿ ತೋರಿಸಲೇ ಎಂದು ಅರ್ಧ ಬಗ್ಗಿದೆ. ಇನ್ನೊಬ್ಬ ಪೊಲೀಸಿನವನ ಕೈ ಥಟ್ಟನೆ ಸೊಂಟಕ್ಕೆ ಹೋಯಿತು. ನೆಟ್ಟಗೆ ನಿಂತೆ. ನಮ್ಮ ಮರ್ಯಾದೆಯನ್ನು ಆ ನಾಡಿನಲ್ಲಿ ಬಾಯಲ್ಲಿ ಹೇಳಬಹುದು, ಮಾಡಿ ತೋರಿಸುವಂತಿಲ್ಲ.

ನಮ್ಮನ್ನು ಉಳಿಸಿದ್ದು ಅಂಗಡಿಯ ಕ್ಯಾಮೆರಾ. ಅಧಿಕಾರಿ ಅದನ್ನು ಮತ್ತೆ ಮತ್ತೆ ತಿರುಗಿಸಿ ನೋಡಿದ. ಹಾಲನ್ನು ಮೆಲ್ಲಗೆ ನೆಲಕ್ಕಿಟ್ಟದ್ದು, ಖಾಲಿ ಕೈ, ಆಮೇಲೆ ಕಣ್ಣು ಮುಚ್ಚಿಕೊಂಡದ್ದು. ಬಂದೂಕು ಕಸಿಯುವವನು ಹಾಲನ್ನು ಅಷ್ಟು ಜೋಪಾನವಾಗಿ ಇಡುವುದಿಲ್ಲ ಎಂದ. ಕೋಳ ತೆಗೆದರು.

"ಮತ್ತೆ ಅವರು?" ಎಂದು ನಾನು ಆ ಮನುಷ್ಯನನ್ನು ತೋರಿಸಿ ಕೇಳಿದೆ.

"ಅವರೇನು ತಪ್ಪು ಮಾಡಿದ್ದಾರೆ ಮೇಡಮ್? ಇಲ್ಲಿ ಬೋರ್ಡ್ ಇಲ್ಲ. ಲೈಸೆನ್ಸ್ ಇದೆ. ಅವರು ಹೆದರಿದ್ದು ಸಹಜ."

ಹೊರಡುವ ಮೊದಲು ಆ ಮನುಷ್ಯ ನನ್ನ ಹತ್ತಿರ ಬಂದ. ಭಾವನ ಕಡೆ ನೋಡಲಿಲ್ಲ. "ಅವರಿಗೆ ಕಲಿಸಿಕೊಡಿ ಮೇಡಮ್. ಮುಂದಿನವನು ನನ್ನಷ್ಟು ತಾಳ್ಮೆಯವನಾಗಿರಲಿಕ್ಕಿಲ್ಲ" ಎಂದ. ಆತನ ಮೇಲ್ದುಟಿ ಬೆವೆತಿತ್ತು. ಅವನಿಗೂ ನಿಜವಾಗಿ ಹೆದರಿಕೆಯಾಗಿತ್ತು. ಅದನ್ನು ಬರೆಯದಿದ್ದರೆ ಸುಳ್ಳಾಗುತ್ತದೆ.

ಕಾರಿನಲ್ಲಿ ಭಾವ ಕೇಳಿದರು, "ಎಂತ ಹೇಳ್ದ ಅಂವ?"

ಹೇಳಿದೆ.

ಅವರು ಮಣಿಕಟ್ಟು ಉಜ್ಜಿಕೊಳ್ಳುತ್ತಾ, "ಹಾಂಗಾದ್ರೆ ನಾ ತಪ್ಪಾಯ್ತು ಅಂದದ್ದು ಅವನಿಗೆ ಮುಟ್ಟಲೇ ಇಲ್ಲ" ಎಂದರು. ದಾರಿಯುದ್ದಕ್ಕೂ ಅವರಿಗಿದ್ದದ್ದು ಆ ಚಿಂತೆ. ಇನ್ನೊಬ್ಬರ ಕಾಲು ತುಳಿದದ್ದು ಹಾಗೇ ಉಳಿದುಹೋಯಿತಲ್ಲ ಎಂದು.

ಮತ್ತೆ ಬೇಲಿ, ಮತ್ತೆ ಆಸ್ಪತ್ರೆ

ಸಂಜೆ ಸುದ್ದಿ ತಿಳಿದು ಡೇಲ್ ಬೇಲಿ ಹತ್ತಿರ ಬಂದ. ಭಾವ ಹೊರಗೆ ಬರಲಿಲ್ಲ. ಡೇಲನ ಕಣ್ಣು ಒದ್ದೆಯಾಗಿತ್ತು. ಎಲ್ಲ ಕೇಳಿಕೊಂಡು, "ದೇವರು ದೊಡ್ಡವನು" ಎಂದ. ಸೊಂಟದ ಮೇಲೆ ಅಂಗಿ ಸರಿಪಡಿಸಿಕೊಂಡು, "ಆದರೆ ನಿಜ ಹೇಳಬೇಕಲ್ಲ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ" ಎಂದ.

ಪೀಚ್ ಹಣ್ಣಿನ ಬುಟ್ಟಿಯನ್ನು ತೊಳೆದು ಮರುದಿನ ಅವನ ಮೆಟ್ಟಿಲ ಮೇಲಿಟ್ಟು ಬಂದೆ. ಖಾಲಿ ಬುಟ್ಟಿ ಹಿಂದಿರುಗಿಸುವುದು ನಮ್ಮಲ್ಲಿ ಪದ್ಧತಿಯಲ್ಲ. ಇಟ್ಟೆ.

ರಶ್ಮಿಗೆ ಹೆಣ್ಣು ಮಗು. ಆಸ್ಪತ್ರೆಯ ಬಾಗಿಲಲ್ಲಿ ಭಾವ ಮತ್ತೆ ನಿಂತರು. ಈ ಸಲ ಅದು ಆಟವಾಗಿರಲಿಲ್ಲ. "ಬೋರ್ಡ್ ಉಂಟಲ್ಲಾ? ಸರಿ ನೋಡೇ." ಉಂಟು ಎಂದ ಮೇಲೆಯೇ ಒಳಗೆ ಕಾಲಿಟ್ಟರು. ಮಗುವನ್ನು ಎತ್ತಿಕೊಂಡಾಗ ಅದರ ಪುಟ್ಟ ಪಾದ ಅವರ ಎದೆಗೆ ಒದೆಯಿತು. ನಕ್ಕರು. ಆ ಊರಿನಲ್ಲಿ ಆಮೇಲೆ ಅವರು ನಕ್ಕದ್ದು ಅದೊಂದೇ ಸಲ. ನಾನು ಬಾಣಂತನ ಮಾಡಿ ಮುಗಿಸುವ ತನಕ ಅವರು ಮನೆಯಿಂದ ಹೊರಗೆ ಬೀಳಲಿಲ್ಲ.

ಕಾರವಾರದಿಂದ ಅಂಕೋಲೆಗೆ

ಊರಿಗೆ ಬಂದ ಮೇಲೆ ಕಾರವಾರ ಕೋರ್ಟಿನ ಪರಿಚಯದ ವಕೀಲರೊಬ್ಬರನ್ನು ಕೇಳಿದೆ. ನಮ್ಮ ದೇಶದಲ್ಲಾಗಿದ್ದರೆ? ಅವರು ಚಹಾ ಕುಡಿಯುತ್ತಾ, ಆತ್ಮರಕ್ಷಣೆಯ ಹಕ್ಕು ನಮ್ಮ ಕಾನೂನಿನಲ್ಲೂ ಉಂಟು, ಇಲ್ಲಿಯೂ ನೋಡುವುದು ಜೀವಭಯ ಸಹಜವಾಗಿತ್ತೇ ಎಂಬುದನ್ನೇ ಎಂದರು. "ವ್ಯತ್ಯಾಸ ಇಷ್ಟೇ ತಂಗಿ, ಇಲ್ಲಿ ಹೆದರಿದವನ ಕಾಲಿನಲ್ಲಿ ಬಂದೂಕು ಇರೂದಿಲ್ಲ." ಬಂದೂಕು ಹಿಡಿದವನ ಹೆದರಿಕೆಯನ್ನು ಅಳೆಯಲು ಎಲ್ಲ ಕಡೆ ಕಾನೂನಿದೆ. ಅದರ ಎದುರು ಕೂತವನ ಹೆದರಿಕೆ ಯಾರಿಗೂ ಬೇಡ.

ಭಾವ ನನ್ನ ಮನೆಯಲ್ಲಿ ಒಂದು ದಿನ ಇದ್ದು ಊರಿಗೆ ಹೊರಟರು. ನಾನೂ ಜೊತೆಗೆ ಹೋದೆ. ಚುನಾವಣೆ ಮುಗಿದಿತ್ತು, ಬಂದೂಕು ಬಿಡಿಸಿಕೊಂಡು ಹೋಗೆಂದು ಠಾಣೆಯಿಂದ ಹೇಳಿಕಳಿಸಿದ್ದರು. "ಇರ್ಲಿ ಅಲ್ಲೇ" ಎಂದಿದ್ದರು ಭಾವ. "ಹಂದಿ?" ಎಂದರೆ, "ತಿನ್ಲಿ."

ಬಸ್ಸು ಗಿಜಿಗುಡುತ್ತಿತ್ತು. ಬಿಣಗಾ ದಾಟಿದ ಮೇಲೂ ನಮಗೆ ಸೀಟು ಸಿಗಲಿಲ್ಲ. ಅಮದಳ್ಳಿಯಲ್ಲಿ ಮೀನಿನ ಖಾಲಿ ಬುಟ್ಟಿ ಹಿಡಿದು ಒಬ್ಬ ಮುದುಕಿ ಹತ್ತಿ ಭಾವನ ಹಿಂದೆಯೇ ನಿಂತಳು. ಅದಿರು ಲಾರಿಯೊಂದು ಅಡ್ಡ ಬಂದು ಡ್ರೈವರ್ ಬ್ರೇಕ್ ಹಾಕಿದ. ಭಾವನ ಹಿಮ್ಮಡಿ ಅವಳ ಪಾದದ ಮೇಲೆ ಬಿತ್ತು.

ಭಾವ ತಿರುಗಿದರು. ಬೆನ್ನು ಬಗ್ಗಲು ಹೊರಟದ್ದು ನನಗೆ ಕಂಡಿತು, ಅಲ್ಲೇ ನಿಂತದ್ದೂ ಕಂಡಿತು. ಎರಡೂ ಕೈಗಳನ್ನು ಭುಜದ ಮೇಲಕ್ಕೆ ಎತ್ತಿ, ಅಂಗೈ ಅಗಲಿಸಿ, ಹಾಗೇ ನಿಂತುಬಿಟ್ಟರು.

ಮುದುಕಿ ಸುಮ್ಮನಿರಲಿಲ್ಲ. "ಏನಾ, ಹಾಡ್ಹಗಲೇ ಕಾಲು ತುಳ್ದು ಕೈ ಮೇಲೆ ಮಾಡಿ ನಿಂತ್ಕಂಡ್ಯ? ಮುಟ್ಟಿದ್ರೆ ನಿನ್ನ ಕೈ ಸವೀತದನ? ಯಾವ ದೇಶದ ಸಾಹೇಬ ನೀನು?"

ಬಸ್ಸಿನವರು ನಕ್ಕರು. ಭಾವನ ಕೈ ಇಳಿಯಲಿಲ್ಲ.

"ಅವರ ಪರವಾಗಿ ನಾನು ಮುಟ್ಟುತ್ತೇನೆ ಅಜ್ಜಿ," ಎಂದು ಜನರ ನಡುವೆ ತೂರಿಕೊಂಡು ಬಗ್ಗಿದೆ. ಕೈ ಚಾಚುವ ಮೊದಲು ನನ್ನ ಕಣ್ಣು ತಾನಾಗಿಯೇ ಅವಳ ಸೀರೆಯ ಅಂಚಿನ ಕೆಳಗೆ ಹೋಗಿ, ಪಾದದ ಗಂಟಿನ ಹತ್ತಿರ ಏನಾದರೂ ಕಟ್ಟಿದೆಯೇ ಎಂದು ಹುಡುಕಿತು. ಒಣಗಿದ ಮೀನಿನ ಹುರುಪೆಯೊಂದು ಅಂಟಿಕೊಂಡಿತ್ತು. ಆಮೇಲೆಯೇ ಮುಟ್ಟಿದೆ.